ತಟ್ಟೆಯಲ್ಲೂ ಅಕ್ಕಡಿ ಇರಲಿ

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬುದು ನಮ್ಮ ಹಿರಿಯರ ಮಾತು. ಈ ಗಾದೆ ಹುಟ್ಟಿದ ಕಾಲದಲ್ಲಿ ರೈತನ ಊಟವೆಂದರೆ ಮನೆಯ ಊಟವೇ ಆಗಿತ್ತು. ಹೊಲಕ್ಕೆ ಹೋದರೂ ಸಂತೆಗೆ ಹೋದರೂ ಬುತ್ತಿಯ ಗಂಟು ಜೊತೆಯಲ್ಲಿರುತ್ತಿತ್ತು. ಇಂದಿನ ಬೇಸಾಯ ರೈತನನ್ನು ಮೇಲಿಂದ ಮೇಲೆ ಪೇಟೆಗೆ ಎಳೆದೊಯ್ಯುತ್ತದೆ. ಮಾರುಕಟ್ಟೆ ಪ್ರಾಂಗಣದಲ್ಲಿ ಮಾಲು ಬಿಡಬೇಕು, ಬ್ಯಾಂಕಿನಲ್ಲಿ ಸಾಲ ನವೀಕರಿಸಬೇಕು, ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದಿಸಬೇಕು, ರೈತ ಸಂಪರ್ಕ ಕೇಂದ್ರದಲ್ಲಿ ಬೀಜ ತರಬೇಕು, ಸುಟ್ಟುಹೋದ ಪಂಪಿನ ಮೋಟಾರನ್ನು ಕಟ್ಟಿಸಬೇಕು. ವಾರಕ್ಕೆ ಎರಡು ದಿನ ಪೇಟೆಗೆ ಹೋಗುವ ರೈತ ವರ್ಷಕ್ಕೆ ನೂರಕ್ಕೂ ಹೆಚ್ಚು ಹೊತ್ತು ಹೋಟೆಲಿನಲ್ಲಿ ಉಣ್ಣುತ್ತಾನೆ. ಇದನ್ನು ಎಂದೋ ಒಂದು ದಿನದ ಬಾಯಿಚಪಲವೆಂದು ತಳ್ಳಿಹಾಕುವಂತಿಲ್ಲ. ಅದು ಅವನ ನಿತ್ಯದ ಆಹಾರದ ಒಂದು ಭಾಗವೇ ಆಗಿದೆ.

ಬೆಳೆಯ ವಿಷಯ ಹೇಳಬೇಕಾದ ವಿಜ್ಞಾನಿಗೆ ಹೋಟೆಲಿನ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ದುಡಿಯುವ ದೇಹ ಕೆಟ್ಟರೆ ಯಾವ ತಳಿಯೂ ಯಾವ ಗೊಬ್ಬರವೂ ಬೇಸಾಯವನ್ನು ಉಳಿಸಲಾರದು. ಎರಡನೆಯದು, ಹೋಟೆಲಿನಲ್ಲಿ ಯಾವುದು ಖರ್ಚಾಗುತ್ತದೆಯೋ ಅದನ್ನೇ ಹೋಟೆಲಿನವರು ಕೊಳ್ಳುತ್ತಾರೆ. ನಾವು ಬೆಳೆದ ರಾಗಿ, ಜೋಳ, ಅವರೆ, ಹುರುಳಿಗಳಿಗೆ ಅಲ್ಲಿ ಜಾಗವಿಲ್ಲದಿದ್ದರೆ ಪೇಟೆಯಲ್ಲಿ ಅವುಗಳಿಗೆ ಬೇಡಿಕೆ ಎಲ್ಲಿಂದ ಬರಬೇಕು? ಹೋಟೆಲಿನಲ್ಲಿ ರೈತ ಕೇಳಿ ತರಿಸಿಕೊಳ್ಳುವ ತಟ್ಟೆಯ ಮೇಲೆ ಅವನ ಆರೋಗ್ಯವೂ ಅವನ ಬೆಳೆಯ ಮಾರುಕಟ್ಟೆಯೂ ಸ್ವಲ್ಪ ಮಟ್ಟಿಗೆ ನಿಂತಿವೆ ಎಂಬುದು ನನ್ನ ಅಭಿಪ್ರಾಯ.

ಹಳ್ಳಿಗೂ ಬಂದ ಪೇಟೆಯ ಕಾಯಿಲೆ

ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಕುಳಿತು ಉಣ್ಣುವವರ ಕಾಯಿಲೆಗಳೆಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಈ ನಂಬಿಕೆಯನ್ನು ಬಿಡುವ ಕಾಲ ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡಾ 11.4 ಮಂದಿಗೆ ಸಕ್ಕರೆ ಕಾಯಿಲೆಯಿದೆ, ಶೇಕಡಾ 35.5 ಮಂದಿಗೆ ರಕ್ತದೊತ್ತಡವಿದೆ. ಸಕ್ಕರೆ ಕಾಯಿಲೆ ನಗರಗಳಲ್ಲಿ ಶೇಕಡಾ 16.4 ಇದ್ದರೆ ಹಳ್ಳಿಗಳಲ್ಲಿ ಶೇಕಡಾ 8.9 ಇದೆ. ಹಳ್ಳಿಯವರು ಇದನ್ನು ಕಂಡು ಸಮಾಧಾನಪಡುವಂತಿಲ್ಲ. ಕಾಯಿಲೆಯ ಹೊಸ್ತಿಲಲ್ಲಿ ನಿಂತಿರುವವರು, ಅಂದರೆ ರಕ್ತದ ಸಕ್ಕರೆ ಏರತೊಡಗಿದ್ದು ಇನ್ನೂ ಕಾಯಿಲೆಯ ಮಟ್ಟ ಮುಟ್ಟದವರು, ಹಳ್ಳಿಯಲ್ಲೂ ನಗರದಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಶೇಕಡಾ 15ರಷ್ಟು ಇದ್ದಾರೆ. ಎಚ್ಚರ ವಹಿಸದಿದ್ದರೆ ಮುಂದಿನ ಫಸಲು ಏನೆಂಬುದು ಈ ಸಸಿಮಡಿಯನ್ನು ನೋಡಿದರೇ ತಿಳಿಯುತ್ತದೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಎತ್ತಿನ ಹಿಂದೆ ನಡೆಯುತ್ತಿದ್ದವರು ಇಂದು ಟ್ರಾಕ್ಟರಿನ ಮೇಲೆ ಕುಳಿತಿದ್ದೇವೆ. ಕಪಿಲೆ ಹೊಡೆಯುವ ಬದಲು ಗುಂಡಿ ಒತ್ತಿ ಪಂಪ್‌ಸೆಟ್ ಚಾಲೂ ಮಾಡುತ್ತೇವೆ. ಮೂರು ಮೈಲಿ ನಡೆಯುತ್ತಿದ್ದ ಜಾಗಕ್ಕೆ ಮೋಟಾರ್ ಸೈಕಲಿನಲ್ಲಿ ಹೋಗುತ್ತೇವೆ. ಇವೆಲ್ಲ ಒಳ್ಳೆಯ ಬದಲಾವಣೆಗಳೇ. ಆದರೆ ಮೈ ದುಡಿಮೆ ಇಳಿದಷ್ಟು ಉಣ್ಣುವ ಪ್ರಮಾಣ ಇಳಿದಿಲ್ಲ. ಉಣ್ಣುವ ಧಾನ್ಯವೂ ಬದಲಾಗಿದೆ.

ಹೋಟೆಲಿನ ತಟ್ಟೆಯಲ್ಲಿ ಏನಿದೆ?

ತಾಲ್ಲೂಕು ಕೇಂದ್ರದ ಸಾಮಾನ್ಯ ಹೋಟೆಲೊಂದನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಪೂರಿ, ವಡೆ, ದೋಸೆ, ಚಿತ್ರಾನ್ನ, ಪಲಾವ್. ಮಧ್ಯಾಹ್ನದ ಊಟಕ್ಕೆ ಎರಡು ಪೂರಿ, ಗುಡ್ಡೆ ಹಾಕಿದ ಬಿಳಿ ಅನ್ನ, ತೆಳ್ಳನೆಯ ಸಾಂಬಾರು, ಸಾರು, ಪುಟ್ಟ ಬಟ್ಟಲಿನಲ್ಲಿ ಎರಡು ಚಮಚೆ ಪಲ್ಯ, ಹಪ್ಪಳ, ಉಪ್ಪಿನಕಾಯಿ. ಸಂಜೆ ಬೋಂಡ, ಬಜ್ಜಿ. ನಡುವೆ ನಾಲ್ಕೈದು ಸಲ ಟೀ. ಒಟ್ಟಿನಲ್ಲಿ ನಯಮಾಡಿದ ಅಕ್ಕಿ, ಮೈದಾ, ಎಣ್ಣೆ, ಸಕ್ಕರೆ ಮತ್ತು ಉಪ್ಪು ಇವೇ ಮುಖ್ಯವಾಗಿವೆ. ಬೇಳೆ, ಕಾಳು, ಸೊಪ್ಪು, ತರಕಾರಿಗಳು ಹೆಸರಿಗೆ ಮಾತ್ರ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಲ್ಲಿ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದೆ. ಬಿಳಿ ಅಕ್ಕಿಯಲ್ಲಿ ಮತ್ತು ಮೈದಾದಲ್ಲಿ ಅದು 3 ಗ್ರಾಂಗಿಂತಲೂ ಕಡಿಮೆ. ಸುಣ್ಣದ ಅಂಶ ರಾಗಿಯಲ್ಲಿ 360 ಮಿಲಿಗ್ರಾಂನಷ್ಟಿದ್ದರೆ ಬಿಳಿ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ನಾರು ಕಡಿಮೆಯಾದ ಊಟ ಬೇಗ ಜೀರ್ಣವಾಗಿ ರಕ್ತಕ್ಕೆ ಒಮ್ಮೆಲೇ ಸಕ್ಕರೆಯನ್ನು ಬಿಡುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಹಸಿವಾಗುತ್ತದೆ. ಯೂರಿಯಾವನ್ನು ಒಂದೇ ಸಲ ಸುರಿದರೂ ಕಂತುಗಳಲ್ಲಿ ಕೊಟ್ಟರೂ ಬೆಳೆಯಲ್ಲಿ ಕಾಣುವ ವ್ಯತ್ಯಾಸವನ್ನು ಬಲ್ಲ ರೈತನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹೊಲದ ಪದ್ಧತಿಯೇ ಊಟದ ಪದ್ಧತಿ

ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬಿಡುವುದು ನಮ್ಮ ಹಿರಿಯರ ಪದ್ಧತಿ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ, ದ್ವಿದಳ ಧಾನ್ಯ ನೆಲಕ್ಕೆ ಸಾರಜನಕ ಸೇರಿಸುತ್ತದೆ ಎಂಬುದು ಅದರ ಲಾಭ. ಇದೇ ಅಕ್ಕಡಿ ಊಟದಲ್ಲೂ ಇತ್ತು. ಮುದ್ದೆಗೆ ಅವರೆಕಾಳಿನ ಸಾರು, ಹುರುಳಿಯ ಬಸ್ಸಾರು, ಮಸ್ಸೊಪ್ಪು. ರೊಟ್ಟಿಗೆ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಏಕದಳ ಧಾನ್ಯಗಳ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳವಾಗಿದೆ. ಬೇಳೆಕಾಳುಗಳಲ್ಲಿ ಮೆಥಿಯೊನಿನ್ ಎಂಬ ಅಂಶ ಕಡಿಮೆ. ಅದನ್ನು ಧಾನ್ಯ ತುಂಬಿಕೊಡುತ್ತದೆ. ಎರಡೂ ಕೂಡಿದಾಗ ದೇಹ ಕಟ್ಟುವ ಸಸಾರಜನಕ ಪೂರ್ಣವಾಗುತ್ತದೆ. ತೊಗರಿಬೇಳೆಯಲ್ಲಿ ಶೇಕಡಾ 20ಕ್ಕೂ ಹೆಚ್ಚು ಸಸಾರಜನಕವಿರುವುದು ನಿಜ. ಆದರೆ ಹೋಟೆಲಿನ ನೀರು ಸಾಂಬಾರಿನಲ್ಲಿ ಅದು ಎಷ್ಟರ ಮಟ್ಟಿಗೆ ಉಳಿದಿರುತ್ತದೆ?

ಹೋಟೆಲಿನ ಊಟ ಎಲ್ಲ ಕಡೆಯೂ ಹೀಗೆಯೇ ಇರುವುದೆಂದು ಹೇಳಲಾಗದು. ಧಾರವಾಡ, ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯ ಖಾನಾವಳಿಯನ್ನು ನೋಡಿ. ಬಿಸಿ ಜೋಳದ ರೊಟ್ಟಿ, ಕಾಳಿನ ಪಲ್ಯ, ಎಣ್ಣೆಗಾಯಿ, ಬೇಳೆ, ಶೇಂಗಾ ಚಟ್ನಿ, ಮೊಸರು, ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಸೌತೆಕಾಯಿ. ಧಾನ್ಯ, ಕಾಳು, ಸೊಪ್ಪು, ಹಾಲಿನ ಪದಾರ್ಥ ಎಲ್ಲವೂ ಒಂದೇ ತಟ್ಟೆಯಲ್ಲಿವೆ. ಯಾವ ಆಹಾರ ತಜ್ಞರೂ ಇದಕ್ಕಿಂತ ಹೆಚ್ಚಿನದನ್ನು ಸೂಚಿಸಲಾರರು. ಹಳೆಯ ಮೈಸೂರಿನ ಕಡೆಯ ಮುದ್ದೆ ಹೋಟೆಲುಗಳೂ ಮಿಲಿಟರಿ ಹೋಟೆಲುಗಳೂ ಇದೇ ಸಾಲಿಗೆ ಸೇರಬೇಕಾದವು. ರೈತರು ಹೆಚ್ಚಾಗಿ ಹೋಗುವ ಬಸ್ ನಿಲ್ದಾಣ ಮತ್ತು ಮಾರುಕಟ್ಟೆಯ ಸುತ್ತಣ ಹೋಟೆಲುಗಳಲ್ಲೂ ಈ ಊಟ ಸಿಗುವಂತಾಗಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ರಾಗಿಯಾಗಲಿ, ಈಗ ಸಿರಿಧಾನ್ಯಗಳೆಂದು ಹೆಸರಾದ ಕಿರುಧಾನ್ಯಗಳಾಗಲಿ ಸಕ್ಕರೆ ಕಾಯಿಲೆಗೆ ಔಷಧಿಯಲ್ಲ. ನುಣ್ಣಗೆ ಬೀಸಿದ ರಾಗಿಹಿಟ್ಟಿನಲ್ಲೂ ಶರ್ಕರಪಿಷ್ಟವೇ ಹೆಚ್ಚು. ಎರಡು ದೊಡ್ಡ ಮುದ್ದೆಗಳನ್ನು ಬರೀ ಸಾರಿನಲ್ಲಿ ಅದ್ದಿ ನುಂಗಿದರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ಅದರ ಮೇಲೆ ಅನ್ನವನ್ನೂ ಉಂಡರೆ ಹೇಳುವುದೇ ಬೇಡ. ಒಂದು ಮುದ್ದೆ, ಜೊತೆಗೆ ಕಾಳು ಮತ್ತು ಸೊಪ್ಪು ಧಾರಾಳ, ಅನ್ನ ಮಿತ ಎಂಬುದು ಪಾಲಿಸಬೇಕಾದ ಅಳತೆ.

ಇರುವುದರಲ್ಲೇ ಆರಿಸಿಕೊಳ್ಳುವ ಬಗೆ

ಮುದ್ದೆಯೂ ರೊಟ್ಟಿಯೂ ಸಿಗದ ಕಡೆ ಏನು ಮಾಡಬೇಕು? ಇರುವುದರಲ್ಲೇ ಆರಿಸಿಕೊಳ್ಳಲು ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಬಹುದು.

ಬೆಳಗಿನ ತಿಂಡಿಗೆ ಕರಿದದ್ದಕ್ಕಿಂತ ಬೇಯಿಸಿದ್ದು ಮೇಲು. ಪೂರಿ, ವಡೆಗಳಿಗಿಂತ ಇಡ್ಲಿ ಒಳ್ಳೆಯದು. ಅದು ಹುದುಗಿಸಿದ, ಹಬೆಯಲ್ಲಿ ಬೆಂದ ಆಹಾರ. ಉದ್ದಿನ ಬೇಳೆಯೂ ಅದರಲ್ಲಿದೆ. ಆದರೂ ಅದು ಅಕ್ಕಿಯ ತಿಂಡಿಯೇ ಆದ್ದರಿಂದ ಎರಡು ಅಥವಾ ಮೂರಕ್ಕೆ ನಿಲ್ಲಿಸಿ ಬೇಳೆಯಿರುವ ಸಾಂಬಾರನ್ನು ಹೆಚ್ಚು ಹಾಕಿಸಿಕೊಳ್ಳುವುದು ಲೇಸು. ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುವುದನ್ನು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ನಿಷೇಧಿಸಿದೆ. ಪ್ಲಾಸ್ಟಿಕ್ ಕಂಡರೆ ಬೇಡವೆಂದು ಹೇಳುವ ಹಕ್ಕು ಗಿರಾಕಿಗಿದೆ.

ಮಧ್ಯಾಹ್ನದ ಊಟದಲ್ಲಿ ಪೂರಿ, ಹಪ್ಪಳ ಬಿಟ್ಟು ಇನ್ನೊಂದು ಬಟ್ಟಲು ಪಲ್ಯವನ್ನೋ ಕಾಳಿನ ಹುಳಿಯನ್ನೋ ಕೇಳಿ. ಬೇಕಾದರೆ ಅದಕ್ಕೆ ಬೇರೆ ಹಣ ಕೊಡಿ. ಅನ್ನವನ್ನು ಎರಡನೆಯ ಸಲ ಬಡಿಸಲು ಬಂದಾಗ ಕೈ ಅಡ್ಡ ಹಿಡಿಯಿರಿ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚೆ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ, ಸಾರು, ಉಪ್ಪು ಬೆರೆಸಿದ ಮಜ್ಜಿಗೆ ಇವೆಲ್ಲ ಸೇರಿದರೆ ಒಂದೇ ಹೊತ್ತಿನಲ್ಲಿ ಅದರ ಬಹುಪಾಲು ಮುಗಿದುಹೋಗುತ್ತದೆ. ರಕ್ತದೊತ್ತಡವಿದ್ದವರು ಇವುಗಳಲ್ಲಿ ಮೊದಲ ಎರಡನ್ನಾದರೂ ಬಿಡಲೇಬೇಕು.

ಟೀ ನಮ್ಮ ಸ್ನೇಹದ ಗುರುತು. ಬೇಡವೆನ್ನಲು ಸಂಕೋಚವಾಗುವುದು ಸಹಜ. ಆದರೆ ಲೆಕ್ಕ ಹಾಕಿ ನೋಡಿ. ಲೋಟಕ್ಕೆ ಎರಡು ಚಮಚೆಯಂತೆ ಸುಮಾರು 10 ಗ್ರಾಂ ಸಕ್ಕರೆಯಾದರೆ ಐದು ಟೀಗೆ 50 ಗ್ರಾಂ. ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಕ್ಕರೆ ಕಡಿಮೆ ಹಾಕಲು ಹೇಳುವುದು, ಎರಡು ಟೀ ಬದಲು ಮಜ್ಜಿಗೆಯನ್ನೋ ಎಳನೀರನ್ನೋ ಕುಡಿಯುವುದು ಕಷ್ಟವೇನಲ್ಲ. ಊಟದ ಜೊತೆಗೇ ಟೀ ಕುಡಿದರೆ ಅದರ ಒಗರು ಅಂಶ ಆಹಾರದ ಕಬ್ಬಿಣವನ್ನು ದೇಹಕ್ಕೆ ಸೇರಗೊಡುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯುವುದು ಒಳ್ಳೆಯದು. ಊಟಕ್ಕೆ ಒಂದು ಹೋಳು ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ.

ಕರಿದ ತಿಂಡಿ ತಿನ್ನಲೇಬೇಕೆನಿಸಿದರೆ ಬಾಣಲೆಯತ್ತ ಒಮ್ಮೆ ನೋಡಿ. ಎಣ್ಣೆ ಕಪ್ಪಾಗಿ, ದಪ್ಪವಾಗಿ, ನೊರೆಯೆದ್ದು ಹೊಗೆಯಾಡುತ್ತಿದ್ದರೆ ಅದು ಹಲವು ಸಲ ಕಾದ ಎಣ್ಣೆ. ಹೀಗೆ ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ ಹಾನಿಕರ ಸಂಯುಕ್ತಗಳು ಶೇಕಡಾ 25 ಮೀರಿದರೆ ಆ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ಸುದ್ದಿಪತ್ರಿಕೆಯ ಹಾಳೆಯಲ್ಲಿ ಬಜ್ಜಿ ಕಟ್ಟಿಸಿಕೊಳ್ಳಬಾರದು. ಬಿಸಿ ಎಣ್ಣೆಗೆ ಮುದ್ರಣದ ಶಾಯಿ ಕರಗಿ ಆಹಾರಕ್ಕೆ ಇಳಿಯುತ್ತದೆ. ಕಣ್ಣು ಕುಕ್ಕುವ ಕೆಂಪು ಬಣ್ಣದ ಗೋಬಿ ಮಂಚೂರಿಯನ್ನು ಮಕ್ಕಳಿಗೆ ಕೊಡಿಸಬೇಡಿ. ಅದಕ್ಕೆ ಕೃತಕ ಬಣ್ಣ ಬೆರೆಸುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿತು. ಬೆಳಿಗ್ಗೆ ಮಾಡಿಟ್ಟು ಆರಿದ ಅನ್ನ, ಪಲಾವ್‌ಗಳಲ್ಲಿ ವಾಂತಿಭೇದಿ ತರುವ ಸೂಕ್ಷ್ಮಜೀವಿಗಳು ಬೆಳೆಯುವ ಸಂಭವವಿರುವುದರಿಂದ ಹೊಗೆಯಾಡುವ ಆಹಾರವನ್ನೇ ಕೇಳಿ.

ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವ ರೈತರು ಒಂದು ವಿಷಯವನ್ನು ಮರೆಯಬಾರದು. ಮಾಲು ತೂಕವಾಗಲಿ, ಸರದಿ ಬರಲಿ ಎಂದು ಮಧ್ಯಾಹ್ನ ಮೂರರವರೆಗೆ ಉಪವಾಸ ಕಾಯುವುದು ಅಪಾಯ. ರಕ್ತದ ಸಕ್ಕರೆ ಇಳಿದು ಕೈನಡುಕ, ಬೆವರು, ತಲೆಸುತ್ತು ಬರಬಹುದು. ಅಂಥವರು ಹುರಿದ ಶೇಂಗಾ, ಹುರಿಗಡಲೆ, ಒಂದು ಹಣ್ಣು ಜೊತೆಯಲ್ಲಿಟ್ಟುಕೊಂಡು ಹೊತ್ತಿಗೆ ಸರಿಯಾಗಿ ತಿನ್ನಬೇಕು. ನಡುಕ ಕಾಣಿಸಿಕೊಂಡರೆ ತಡಮಾಡದೆ ಸಕ್ಕರೆಯನ್ನೋ ಬೆಲ್ಲವನ್ನೋ ಬಾಯಿಗೆ ಹಾಕಿಕೊಂಡು, ಆಮೇಲೆ ಊಟ ಮಾಡಬೇಕು.

ಮನೆಯ ಹೆಣ್ಣುಮಕ್ಕಳ ವಿಷಯವೂ ಇಲ್ಲಿದೆ. ಸಂತೆಗೋ ಆಸ್ಪತ್ರೆಗೋ ಬಂದ ಎಷ್ಟೋ ಹೆಂಗಸರು ಗಂಡಸರೇ ತುಂಬಿದ ಹೋಟೆಲಿಗೆ ಹೋಗಲು ಹಿಂಜರಿದು, ದುಡ್ಡು ಉಳಿಯಲೆಂದು ಒಂದು ಬನ್ನು, ಒಂದು ಟೀಯಲ್ಲಿ ದಿನ ಕಳೆಯುತ್ತಾರೆ. ರಕ್ತಹೀನತೆ ಹೆಂಗಸರಲ್ಲೇ ಹೆಚ್ಚು. ಮೈದಾ ಬನ್ನಿನ ಜೊತೆ ಟೀ ಕುಡಿದರೆ ಅವರ ದೇಹಕ್ಕೆ ಸೇರುವ ಕಬ್ಬಿಣ ಎಷ್ಟು? ಅವರನ್ನೂ ಕರೆದೊಯ್ದು ಹೊಟ್ಟೆ ತುಂಬ ಊಟ ಮಾಡಿಸುವುದು ಮನೆಯವರ ಕರ್ತವ್ಯ.

ಕೇಳುವವರಿದ್ದರೆ ಮಾಡುವವರಿದ್ದಾರೆ

ಹೋಟೆಲಿನ ಮಾಲೀಕರನ್ನು ದೂರಿ ಪ್ರಯೋಜನವಿಲ್ಲ. ಅನ್ನವನ್ನು ಒಮ್ಮೆಗೇ ಕೊಪ್ಪರಿಗೆಯಲ್ಲಿ ಬೇಯಿಸಿಡಬಹುದು. ಮುದ್ದೆ ಬಿಸಿಯಾಗಿದ್ದಾಗಲೇ ಬಡಿಸಬೇಕು, ರೊಟ್ಟಿ ಬಡಿಯಲು ನುರಿತ ಕೈಗಳು ಬೇಕು. ಕೂಲಿ ದುಬಾರಿ. ಕೇಳುವವರು ಹತ್ತು ಮಂದಿಯಾದರೆ ಅದಕ್ಕಾಗಿ ಒಲೆ ಹಚ್ಚುವುದು ಅವರಿಗೆ ಗಿಟ್ಟುವುದಿಲ್ಲ. ಆದರೆ ಹೋಟೆಲಿನ ತಿಂಡಿಯ ಪಟ್ಟಿ ಕಲ್ಲಿನಲ್ಲಿ ಕೆತ್ತಿದ ಶಾಸನವೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಗೋಧಿ ರವೆಯಿಂದ ರವೆ ಇಡ್ಲಿಯನ್ನು ಮಾಡಿದೆವೆಂದು ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನವರು ಹೇಳುತ್ತಾರೆ. ಅಂದು ಅಭಾವಕ್ಕಾಗಿ ಬಂದ ತಿಂಡಿ ಇಂದು ಎಲ್ಲರ ಮೆಚ್ಚಿನ ತಿಂಡಿಯಾಗಿದೆ. ಅಭಾವ ಮಾಡಿದ ಕೆಲಸವನ್ನು ಬೇಡಿಕೆ ಮಾಡಲಾರದೇ?

"ಮನೆಯಲ್ಲಿ ದಿನವೂ ಇರುವ ಮುದ್ದೆಯನ್ನು ದುಡ್ಡು ಕೊಟ್ಟು ತಿನ್ನುವುದೇ?" ಎಂದು ಹಲವರು ನಗುತ್ತಾರೆ. ಅವರ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಮನೆಯಲ್ಲಿ ಇಲ್ಲದ ರುಚಿಗಾಗಿಯೇ ಮನುಷ್ಯ ಹೋಟೆಲಿಗೆ ಹೋಗುತ್ತಿದ್ದ. ವರ್ಷಕ್ಕೆ ನಾಲ್ಕು ಸಲ ಹೋಗುವವನು ಮಸಾಲೆ ದೋಸೆಯನ್ನೇ ತಿನ್ನಲಿ, ಅದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ. ವರ್ಷಕ್ಕೆ ನೂರು ಸಲ ಹೋಗುವವನಿಗೆ ಮಾತ್ರ ಹೋಟೆಲೂ ಒಂದು ಮನೆಯೇ. ಅಲ್ಲಿ ಮನೆಯ ಊಟದ ನಿಯಮ ನಡೆಯಬೇಕು. ಮುದ್ದೆ ಬಡವರ ಊಟ, ಪೂರಿ ದೊಡ್ಡವರ ಊಟ ಎಂಬ ಹಳೆಯ ಭಾವನೆಯನ್ನು ಬೆಂಗಳೂರಿನವರೇ ಬಿಟ್ಟು ಸಿರಿಧಾನ್ಯದ ದೋಸೆಗೆ ಹೆಚ್ಚು ಹಣ ತೆರುತ್ತಿರುವಾಗ, ಬೆಳೆಯುವ ನಾವೇ ಅದನ್ನು ಹಿಡಿದುಕೊಂಡಿರುವುದು ತರವಲ್ಲ.

ಈಗ ಬೆಳೆಯ ಲೆಕ್ಕಕ್ಕೆ ಬರೋಣ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿ ತಳಿಗಳನ್ನು ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟು ಇಳುವರಿಯ ದಾರಿ ತೆರೆದರು. 2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ ಬೆಂಬಲ ಬೆಲೆ ಪ್ರಕಟಿಸಿತು. ಭಾರತದ ಸೂಚನೆಯ ಮೇರೆಗೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಕಿರುಧಾನ್ಯ ವರ್ಷವಾಗಿ ಆಚರಿಸಿತು. ತಳಿ ಬಂತು, ಬೆಲೆ ಬಂತು, ಪ್ರಚಾರವೂ ಬಂತು. ದಿನವೂ ಕೊಳ್ಳುವ ಸ್ಥಳೀಯ ಗಿರಾಕಿ ಮಾತ್ರ ಸಾಕಷ್ಟು ಬರಲಿಲ್ಲ.

ಒಂದು ಹೋಟೆಲು ದಿನಕ್ಕೆ ನೂರು ಮುದ್ದೆ ಮಾರುತ್ತದೆಂದು ಇಟ್ಟುಕೊಳ್ಳಿ. ಮುದ್ದೆಗೆ 100 ಗ್ರಾಂ ಹಿಟ್ಟಿನಂತೆ ದಿನಕ್ಕೆ 10 ಕಿಲೋ, ವರ್ಷದ 300 ದಿನಕ್ಕೆ 30 ಕ್ವಿಂಟಲ್. ಮಳೆಯಾಶ್ರಯದಲ್ಲಿ ಎಕರೆಗೆ 8 ಕ್ವಿಂಟಲ್ ಇಳುವರಿ ಎಂದರೆ ಅದು ಸುಮಾರು ನಾಲ್ಕು ಎಕರೆಯ ಬೆಳೆ. ತಾಲ್ಲೂಕಿನಲ್ಲಿ ಇಂಥ ಹತ್ತು ಹೋಟೆಲುಗಳಿದ್ದರೆ 40 ಎಕರೆ. ಇದು ದೊಡ್ಡ ಮೊತ್ತವೇನಲ್ಲ. ಆದರೆ ಖರೀದಿ ಕೇಂದ್ರದ ಬಾಗಿಲು ತೆರೆಯಲಿ ಬಿಡಲಿ, ವರ್ಷವಿಡೀ ನಡೆಯುವ ವ್ಯಾಪಾರವಿದು. ಜೊತೆಗೆ ಅವರೆ, ಹುರುಳಿ, ಸೊಪ್ಪುಗಳೂ ಖರ್ಚಾಗುತ್ತವೆ.

ಆದ್ದರಿಂದ ಮೂರು ಕೆಲಸಗಳು ಆಗಬೇಕೆಂಬುದು ನನ್ನ ಸಲಹೆ. ಒಂದು, ಮಾರುಕಟ್ಟೆ ಪ್ರಾಂಗಣದಲ್ಲಿ ಉಪಾಹಾರ ಗೃಹ ನಡೆಸಲು ಜಾಗ ಕೊಡುವಾಗ ಮುದ್ದೆ ಅಥವಾ ರೊಟ್ಟಿ, ಒಂದು ಕಾಳು, ಒಂದು ಸೊಪ್ಪು ದಿನವೂ ಇರಬೇಕೆಂಬ ಷರತ್ತನ್ನು ಮಾರುಕಟ್ಟೆ ಸಮಿತಿಗಳು ಹಾಕಬೇಕು. ಎರಡು, ರೊಟ್ಟಿ ಬಡಿಯುವ, ಸಾರು ಮಾಡುವ ಕಸುಬು ಕೈಯಲ್ಲಿರುವ ಮಹಿಳಾ ಸ್ವಸಹಾಯ ಸಂಘಗಳಿಗೆ ಆ ಜಾಗವನ್ನು ಕೊಡುವಲ್ಲಿ ಮೊದಲ ಆದ್ಯತೆ ಸಿಗಬೇಕು. ಹೆಂಗಸರೇ ನಡೆಸುವ ಕಡೆ ಸಂತೆಗೆ ಬಂದ ಹೆಂಗಸರೂ ಸಂಕೋಚವಿಲ್ಲದೆ ಕುಳಿತು ಉಣ್ಣುತ್ತಾರೆ. ಮೂರು, ರೈತರಿಗಾಗಿ ನಡೆಯುವ ತರಬೇತಿ ಶಿಬಿರ, ಕೃಷಿ ಮೇಳಗಳ ಊಟ ಬದಲಾಗಬೇಕು. ಬೆಳಿಗ್ಗೆ ರಾಗಿಯ ಗುಣಗಾನ ಮಾಡಿ ಮಧ್ಯಾಹ್ನ ಪೂರಿ, ಪಲಾವ್ ಬಡಿಸಿದರೆ ರೈತ ನಂಬುವುದು ಉಪನ್ಯಾಸವನ್ನಲ್ಲ, ಊಟವನ್ನು.

ಇವೆಲ್ಲ ಆಗುವವರೆಗೆ ಕಾಯಬೇಕಾಗಿಲ್ಲ. ಮುಂದಿನ ಸಲ ಪೇಟೆಗೆ ಹೋದಾಗ ತಾವು ಕುಳಿತ ಹೋಟೆಲಿನಲ್ಲಿ "ಮುದ್ದೆ ಇದೆಯೇ? ಕಾಳಿನ ಸಾರು ಇದೆಯೇ?" ಎಂದು ಕೇಳಿ. ಇಲ್ಲವೆಂದರೆ ಇರುವುದನ್ನು ಮೇಲೆ ಹೇಳಿದಂತೆ ಆರಿಸಿ ಉಣ್ಣಿ, ಮತ್ತೊಮ್ಮೆ ಹೋದಾಗಲೂ ಕೇಳಿ. ಜೊತೆಯವರೂ ಕೇಳಲಿ. ಒಂದೇ ದಿನ ಹತ್ತು ಜನ ಕೇಳಿದ್ದನ್ನು ಹನ್ನೊಂದನೆಯವನಿಗಾಗಿ ಮಾಡಿಡದಷ್ಟು ದಡ್ಡ ವ್ಯಾಪಾರಿ ಯಾವ ಊರಿನಲ್ಲೂ ಇಲ್ಲ.